ಓದುಗರ ಪ್ರಶ್ನೆ: ಎಂಜಿನ್ ಕೆಲಸಕ್ಕೆ ಡಿಜಿಟಲ್ ವರ್ನಿಯರ್ ಸಾಕೇ? ಕಡಿಮೆ ದುಡ್ಡಿನಲ್ಲಿ ಇನ್ನೇನು ಕೊಳ್ಳಬೇಕು?

ಪ್ರಶ್ನೆ: ಹಳೆಯ ಬುಲೆಟ್ 350ರ ಎಂಜಿನ್ ಬಿಚ್ಚಿ ಮನೆಯಲ್ಲೇ ಕೆಲಸ ಮಾಡಬೇಕೆಂದಿದ್ದೇನೆ. ಕೈಯಲ್ಲಿ ಒಂದು ಡಿಜಿಟಲ್ ವರ್ನಿಯರ್ ಇದೆ. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ರಂಧ್ರ), ಪಿಸ್ಟನ್ ಎಲ್ಲ ಅದರಲ್ಲೇ ಅಳೆದರೆ ಆಗದೇ? ಆಗದಿದ್ದರೆ ಜೇಬಿಗೆ ಭಾರವಾಗದಂತೆ ಏನೇನು ಕೊಳ್ಳಬಹುದು?

ಉತ್ತರ: ಆಗದು. ವರ್ನಿಯರ್‌ನ ಪರದೆ 0.01 ಮಿ.ಮೀ. ತೋರಿಸುತ್ತದೆ, ಸರಿ. ಆದರೆ ಒಳ್ಳೆಯ ಕಂಪನಿಯ ಡಿಜಿಟಲ್ ವರ್ನಿಯರ್‌ಗೂ ತಯಾರಕರು ಹೇಳುವ ನಿಖರತೆ ±0.02 ಮಿ.ಮೀ. ಪಿಸ್ಟನ್ ಅಳೆಯುವಾಗ ಅಷ್ಟು, ಬೋರ್ ಅಳೆಯುವಾಗ ಮತ್ತೆ ಅಷ್ಟೇ ಸೇರಿದರೆ ಎರಡರ ವ್ಯತ್ಯಾಸದಲ್ಲಿ 0.04ರವರೆಗೆ ತಪ್ಪು ನುಸುಳಬಹುದು. ನೀವು ಹುಡುಕುತ್ತಿರುವುದು, ಅಂದರೆ ಬೋರ್‌ಗೂ ಪಿಸ್ಟನ್‌ಗೂ ನಡುವಿನ ಸಂದು (ಕ್ಲಿಯರೆನ್ಸ್), ಎಷ್ಟು? ಗಾಳಿಯಲ್ಲಿ ತಣಿಯುವ ಎಂಜಿನ್‌ಗೆ ಹಳೆ ಮೆಕ್ಯಾನಿಕ್‌ಗಳ ಅಂದಾಜು ಲೆಕ್ಕ, ಬೋರ್‌ನ ಪ್ರತಿ ಇಂಚಿಗೆ ಒಂದು ಥೌ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಹಳೆಯ ಬುಲೆಟ್ 350ರ ಬೋರ್ 70 ಮಿ.ಮೀ.; ಲೆಕ್ಕ ಹಾಕಿದರೆ ಸುಮಾರು 0.07 ಮಿ.ಮೀ. ಕ್ಲಿಯರೆನ್ಸ್. ಅದರಲ್ಲಿ ಅರ್ಧಕ್ಕೂ ಹೆಚ್ಚು ಭಾಗವನ್ನು ಅಳತೆಯ ತಪ್ಪೇ ನುಂಗಿಬಿಟ್ಟರೆ ಅಳೆದು ಪ್ರಯೋಜನವೇನು? ಇನ್ನೊಂದು ತೊಡಕೂ ಇದೆ. 150 ಮಿ.ಮೀ. ವರ್ನಿಯರ್‌ನ ಒಳ ಅಳತೆಯ ದವಡೆ ಒಂದೂವರೆ ಸೆಂ.ಮೀ. ಆಳಕ್ಕಿಂತ ಕೆಳಗೆ ಹೆಚ್ಚೇನೂ ಇಳಿಯದು. ಬ್ಲಾಕಿನ (ಸಿಲಿಂಡರಿನ) ಬಾಯಿಯಲ್ಲಿ ಪಿಸ್ಟನ್ ರಿಂಗ್ ಮುಟ್ಟದೆ ಸವೆಯದೆ ಉಳಿದ ಅಂಚೇ ಅದಕ್ಕೆ ಸಿಗುವುದು. ಬೋರ್ ಹೊಚ್ಚ ಹೊಸದು ಎಂದು ಅದು ಸುಳ್ಳು ಹೇಳುತ್ತದೆ.

ಹಾಗಂತ ಎಲ್ಲವನ್ನೂ ದುಬಾರಿ ಕಂಪನಿಯದೇ ಕೊಳ್ಳಬೇಕಾಗಿಲ್ಲ. ಬೋರ್ ಕಟ್ಟುನಿಟ್ಟಾಗಿ 70.080 ಇದೆಯೋ 70.085 ಇದೆಯೋ ಎಂಬುದು ನಿಮಗೆ ಅಷ್ಟು ಮುಖ್ಯವಲ್ಲ. ಬೋರ್‌ಗೂ ಪಿಸ್ಟನ್‌ಗೂ ನಡುವಿನ ವ್ಯತ್ಯಾಸ ಮುಖ್ಯ. ಎರಡನ್ನೂ ಒಂದೇ ಮೈಕ್ರೋಮೀಟರ್‌ಗೆ (ತಿರುಪು ತಿರುಗಿಸಿ ಅಳೆಯುವ ಸ್ಕ್ರೂ ಗೇಜ್) ಹೋಲಿಸಿ ಅಳೆದರೆ, ಅದು 0.01 ಹೆಚ್ಚು ತೋರಿಸುತ್ತಿದ್ದರೂ ಎರಡು ಕಡೆಯೂ ಅಷ್ಟೇ ಹೆಚ್ಚು ತೋರಿಸಿ, ಕಳೆದಾಗ ತಪ್ಪು ಹೊಡೆದುಹೋಗುತ್ತದೆ. ಆದ್ದರಿಂದ ದುಡ್ಡು ಹಾಕುವುದಿದ್ದರೆ ಒಂದು ಒಳ್ಳೆಯ ಮೈಕ್ರೋಮೀಟರ್ ಮೇಲೆ ಹಾಕಿ. ಉಳಿದವು ಅದರ ಕೈಕೆಳಗೆ ಕೆಲಸ ಮಾಡುವಂಥವು, ಅಗ್ಗದವೇ ಸಾಕು.

ಯಾವ ಅಳತೆಯ ಮೈಕ್ರೋಮೀಟರ್? 50–75 ಮಿ.ಮೀ. ಬುಲೆಟ್‌ನ 70 ಮಾತ್ರವಲ್ಲ, ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ 250ರ 65, ಮಾರುತಿ 800ರ 68.5 ಮಿ.ಮೀ. ಬೋರ್ ಕೂಡ ಇದರೊಳಗೇ ಬರುತ್ತವೆ. 0–25, 25–50, 50–75, 75–100 ನಾಲ್ಕೂ ಇರುವ ಅಗ್ಗದ ಸೆಟ್ಟನ್ನು ಪೆಟ್ಟಿಗೆ ಚೆನ್ನಾಗಿದೆಯೆಂದು ಕೊಳ್ಳುವವರಿದ್ದಾರೆ. ಆ ದುಡ್ಡಿಗೆ ಬೇಕಾದ ಅಳತೆಯದೊಂದನ್ನೇ ಒಳ್ಳೆಯದು ತರುವುದು ಜಾಣತನ. ಜಪಾನಿನ ಮಿಟುಟೊಯೊ ಆಗಲೇಬೇಕೆಂದಿಲ್ಲ, ಪುಣೆಯ ಬೇಕರ್‌ನದು, ಚೀನಾದ ಇನ್‌ಸೈಜ್‌ನದು ಕೂಡ ಈ ಕೆಲಸಕ್ಕೆ ಧಾರಾಳ. ಡಿಜಿಟಲ್ ಬೇಡ. ಥಿಂಬಲ್ (ಕೈಯಲ್ಲಿ ತಿರುಗಿಸುವ ಕೊಳವೆ) ಮೇಲೆ 50 ಗೆರೆಯಿರುವ, 0.01 ಓದುವ ಸಾದಾ ಮೈಕ್ರೋಮೀಟರ್‌ನಲ್ಲಿ ಎರಡು ಗೆರೆಗಳ ನಡುವೆ ಕಣ್ಣಂದಾಜಿನಲ್ಲಿ ಅರ್ಧ ಗೆರೆ ಓದಬಹುದು, ಸೆಲ್ ಮುಗಿಯುವ ಚಿಂತೆಯೂ ಇಲ್ಲ. ತಾಗುವ ಮುಖಗಳು ಕಾರ್ಬೈಡ್‌ನವಾಗಿರಲಿ. 50–75ರ ಜೊತೆಗೆ 50 ಮಿ.ಮೀ. ಉದ್ದದ ಸ್ಟ್ಯಾಂಡರ್ಡ್ ರಾಡ್, ಸೊನ್ನೆ ಸರಿಪಡಿಸುವ ಸಣ್ಣ ಸ್ಪ್ಯಾನರ್ ಎರಡೂ ಪೆಟ್ಟಿಗೆಯಲ್ಲಿವೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ರಾಡ್ ಇಲ್ಲದೆ ಸೊನ್ನೆ ನೋಡುವಂತಿಲ್ಲ.

ಮನೆಗೆ ತಂದಮೇಲೆ ಪರೀಕ್ಷೆ. ಮುಖಗಳ ನಡುವೆ ಸ್ವಚ್ಛ ಬಿಳಿ ಕಾಗದ ಹಗುರವಾಗಿ ಹಿಡಿಸಿ ಎಳೆದರೆ ಧೂಳು, ಎಣ್ಣೆ ಹೋಗುತ್ತದೆ. ರಾಡ್ ಇಟ್ಟು, ತುದಿಯ ರಾಚೆಟ್ (ಒತ್ತಡ ಮೀರದಂತೆ ಜಾರುವ ಗುಬುಟು) ಎರಡು ಮೂರು ಸಲ ಟಕ್ ಅನ್ನುವವರೆಗೆ ತಿರುಗಿಸಿ ಸೊನ್ನೆ ನೋಡಿ. ಥಿಂಬಲ್ ಹಿಡಿದು ಬಿಗಿದರೆ ಓದು ಕೈಬಲದ ಮೇಲೆ ಬದಲಾಗುತ್ತದೆ, ಆದ್ದರಿಂದ ಯಾವಾಗಲೂ ರಾಚೆಟ್‌ನಿಂದಲೇ. ಸೊನ್ನೆ ಸರಿಯಿದ್ದ ಮಾತ್ರಕ್ಕೆ ಮಧ್ಯದ ಓದು ಸರಿ ಎಂದೇನಿಲ್ಲ. ಅದಕ್ಕೆ ಸ್ಲಿಪ್ ಗೇಜ್ (ಅತಿ ನಿಖರ ಅಳತೆಯ ಉಕ್ಕಿನ ತುಂಡು) ಬೇಕು, ಇಲ್ಲವೇ ಅಗ್ಗದ ಉಪಾಯವೊಂದಿದೆ: ಹೆಸರಾಂತ ಕಂಪನಿಯ ಹೊಸ 6305 ಬೇರಿಂಗ್. ಅದರ ಹೊರ ವ್ಯಾಸ 62 ಮಿ.ಮೀ.; ಸಾಮಾನ್ಯ ದರ್ಜೆಯ ಬೇರಿಂಗ್‌ಗೆ ಅಲ್ಲಿ ಒಪ್ಪಿರುವ ವ್ಯತ್ಯಾಸ ಸೊನ್ನೆಯಿಂದ 0.013 ಕಡಿಮೆಯವರೆಗೆ ಮಾತ್ರ. ಅಂದರೆ ಓದು 61.99ರಿಂದ 62.00ರೊಳಗೆ ಬರಬೇಕು. 62.03 ಬಂತೋ, ಮೈಕ್ರೋಮೀಟರ್ ವಾಪಸ್ ಕೊಡಿ. ಖಚಿತ ವರದಿಯೇ ಬೇಕೆನಿಸಿದರೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಕ್ಯಾಲಿಬ್ರೇಷನ್ ಲ್ಯಾಬ್‌ಗೆ ಕೊಡಬಹುದು. ಒಂದು ಬುಲೆಟ್‌ಗೆ ಅಷ್ಟು ಬೇಕಿಲ್ಲ.

ಎರಡನೆಯದು ಬೋರ್ ಡಯಲ್ ಗೇಜ್, ಅಂದರೆ ಬೋರ್‌ನೊಳಗೆ ಇಳಿಸಿ ಮುಳ್ಳಿನಿಂದ ಓದುವ ಉಪಕರಣ. 50–100 ಅಥವಾ 50–160 ಮಿ.ಮೀ. ವ್ಯಾಪ್ತಿಯದು, 0.01ರ ಡಯಲ್ ಇರುವಂಥದ್ದು. ಇಲ್ಲಿ ಹೆಸರಿಲ್ಲದ ಕಂಪನಿಯದಾದರೂ ನಡೆಯುತ್ತದೆ, ಏಕೆಂದರೆ ಅದು ತಾನಾಗಿ ಅಳತೆ ಹೇಳುವುದಿಲ್ಲ, ನೀವು ಕೂರಿಸಿದ ಅಳತೆಗಿಂತ ಎಷ್ಟು ಹೆಚ್ಚು ಕಡಿಮೆ ಎಂದಷ್ಟೇ ಹೇಳುತ್ತದೆ. ನೋಡಬೇಕಾದದ್ದು ಒಂದೇ: ಮತ್ತೆ ಮತ್ತೆ ಅಳೆದರೆ ಮುಳ್ಳು ಅದೇ ಗೆರೆಗೆ ಬರಬೇಕು. ಅಂಗಡಿಯಲ್ಲೇ ಒಂದು ದೊಡ್ಡ ಬೇರಿಂಗ್‌ನ ಒಳ ರಂಧ್ರದಲ್ಲಿ ಹತ್ತು ಸಲ ಅಳೆದು ನೋಡಿ. ಅರ್ಧ ಗೆರೆಗಿಂತ ಹೆಚ್ಚು ಅಲ್ಲಾಡಿದರೆ ಬೇಡ.

ಬಳಸುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಗೇಜ್‌ನ ಜೊತೆ ಬರುವ ಪಿನ್ನು, ವಾಷರ್‌ಗಳಲ್ಲಿ ಆರಿಸಿ, ಒಟ್ಟು ಉದ್ದ ಬೋರ್‌ಗಿಂತ ಅರ್ಧದಿಂದ ಒಂದು ಮಿ.ಮೀ. ಹೆಚ್ಚಿರುವಂತೆ ಜೋಡಿಸಿ. ಮೈಕ್ರೋಮೀಟರನ್ನು 70.00ಕ್ಕೆ ನಿಲ್ಲಿಸಿ ಲಾಕ್ ಮಾಡಿ, ಬಟ್ಟೆ ಸುತ್ತಿ ವೈಸ್‌ನಲ್ಲಿ ಹಗುರವಾಗಿ ಹಿಡಿಸಿ. ಗೇಜ್‌ನ ತಲೆಯನ್ನು ಅದರ ಎರಡು ಮುಖಗಳ ನಡುವೆ ತೂರಿಸಿ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ತೂಗಿ. ಗೇಜ್ ನೇರವಾಗುತ್ತಿದ್ದಂತೆ ಮುಳ್ಳು ಗಡಿಯಾರದ ದಿಕ್ಕಿನಲ್ಲಿ ಓಡಿ, ಒಂದು ಗೆರೆಗೆ ಮುಟ್ಟಿ, ಹಿಂದಿರುಗುತ್ತದೆ. ಹಿಂದಿರುಗುವ ಆ ಗೆರೆಗೇ ಡಯಲ್ಲಿನ ಸೊನ್ನೆಯನ್ನು ತಿರುಗಿಸಿ ಕೂರಿಸಿ.

ಈಗ ಬೋರ್‌ಗೆ ಇಳಿಸಿ, ಮೇಲೆ ಕೆಳಗೆ ತೂಗುತ್ತ ಮುಳ್ಳು ಎಲ್ಲಿಂದ ಹಿಂದಿರುಗುತ್ತದೆ ನೋಡಿ. ಸೊನ್ನೆ ಮುಟ್ಟಲು ಎಂಟು ಗೆರೆ ಇರುವಾಗಲೇ ಹಿಂದಿರುಗಿದರೆ ಬೋರ್ 70.08. ಸೊನ್ನೆ ದಾಟಿ ಎಂಟು ಗೆರೆ ಹೋದರೆ 69.92. ದೊಡ್ಡದು ಯಾವ ಕಡೆ, ಚಿಕ್ಕದು ಯಾವ ಕಡೆ ಎಂಬುದನ್ನು ತಲೆಕೆಳಗಾಗಿ ಓದುವುದು ಮಾಮೂಲು. ಹೀಗೆ ಓದಿ ಬೋರ್ ಸವೆದೇ ಇಲ್ಲ ಎಂದುಕೊಂಡವರು ಹಳೆ ಬೋರ್‌ಗೆ ಹೊಸ ರಿಂಗ್ ಹಾಕಿ, ಹೊಗೆ ನಿಲ್ಲಲಿಲ್ಲವೆಂದು ವಾಲ್ವ್ ಸೀಲು ಹುಡುಕುತ್ತಾರೆ.

ಮೂರು ಆಳದಲ್ಲಿ ಅಳೆಯಿರಿ: ಮೇಲಿನ ರಿಂಗ್ ಮೇಲೇರಿ ಹಿಂದಿರುಗುವ ಜಾಗದ ಸ್ವಲ್ಪ ಕೆಳಗೆ, ನಡುವೆ, ತಳದಲ್ಲಿ. ಪ್ರತಿಯೊಂದರಲ್ಲೂ ಎರಡು ದಿಕ್ಕು. ಬುಲೆಟ್‌ನ ಕ್ರ್ಯಾಂಕ್ ಅಡ್ಡಲಾಗಿರುವುದರಿಂದ ಪಿಸ್ಟನ್ ಒತ್ತುವುದು ಬೈಕಿನ ಮುಂದೆ-ಹಿಂದಿನ ಗೋಡೆಗಳನ್ನು. ಸವೆತ ಹೆಚ್ಚು ಸಿಗುವುದು ಅಲ್ಲೇ. ಮೇಲೆ 70.11 ಮತ್ತು 70.07, ತಳದಲ್ಲಿ ಎರಡು ದಿಕ್ಕೂ 70.03 ಬಂತು ಎನ್ನಿ. ಮೇಲಕ್ಕೂ ತಳಕ್ಕೂ 0.08 ವ್ಯತ್ಯಾಸ (ಟೇಪರ್), ಎರಡು ದಿಕ್ಕುಗಳ ನಡುವೆ 0.04 ವ್ಯತ್ಯಾಸ (ಓವಲ್). ಇದಕ್ಕೆ ರಿಂಗ್ ಬದಲಿಸಿ ಸಾಗಹಾಕುವಂತಿಲ್ಲ, ಬೋರ್ ಮಾಡಿಸಲೇಬೇಕು, ಅಂದರೆ ರಂಧ್ರವನ್ನು ಕೊರೆಸಿ ದೊಡ್ಡದು ಮಾಡಿಸಬೇಕು.

ಪಿಸ್ಟನ್ ದುಂಡಗಿಲ್ಲ ಎಂಬುದು ನೆನಪಿರಲಿ. ತಯಾರಿಸುವಾಗಲೇ ಅದನ್ನು ಅಂಡಾಕಾರವಾಗಿ, ತಲೆಯ ಕಡೆ ಸಣ್ಣದಾಗಿ ಮಾಡಿರುತ್ತಾರೆ. ಸ್ಕರ್ಟಿನ (ರಿಂಗ್‌ಗಳ ಕೆಳಗಿನ ಗೋಡೆ) ಕೆಳಭಾಗದಲ್ಲಿ, ಪಿಸ್ಟನ್ ಪಿನ್ನಿಗೆ ಅಡ್ಡಲಾಗಿ, ಮ್ಯಾನ್ಯುಯಲ್ ಹೇಳುವ ಎತ್ತರದಲ್ಲಿ ಅಳೆಯಬೇಕು. ತಲೆಯ ಹತ್ತಿರ ಅಳೆದು ಅದರ ಮೇಲೆ ಕ್ಲಿಯರೆನ್ಸ್ ಕೊಟ್ಟರೆ ಸ್ಕರ್ಟ್ ಬಿಗಿಯಾಗಿ ಸೀಜ್ ಆದೀತು, ಅಂದರೆ ಬೋರ್‌ನಲ್ಲೇ ಸಿಕ್ಕಿಕೊಂಡೀತು. ಮತ್ತೆ, ಬ್ಲಾಕು, ಪಿಸ್ಟನ್, ಮೈಕ್ರೋಮೀಟರ್, ಗೇಜ್ ಎಲ್ಲವೂ ಒಂದೇ ಕೋಣೆಯಲ್ಲಿ ಒಂದು ರಾತ್ರಿ ಇದ್ದಿರಬೇಕು. 70 ಮಿ.ಮೀ. ಅಲ್ಯೂಮಿನಿಯಂ ಪಿಸ್ಟನ್ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 0.015 ಹಿಗ್ಗುತ್ತದೆ, ಎರಕದ ಕಬ್ಬಿಣದ ಬ್ಲಾಕು ಅದರ ಅರ್ಧದಷ್ಟು. ಬಿಸಿಲಿನಲ್ಲಿಟ್ಟ ಪಿಸ್ಟನ್ ತಂದು ಅಳೆದರೆ ಒಳ್ಳೆಯ ಮೈಕ್ರೋಮೀಟರ್ ಇದ್ದೂ ವರ್ನಿಯರ್‌ನಲ್ಲಿ ಅಳೆದ ಹಾಗೆಯೇ.

ಬೋರ್ ಡಯಲ್ ಗೇಜ್‌ಗೂ ದುಡ್ಡು ಹೊಂದದಿದ್ದರೆ ಟೆಲಿಸ್ಕೋಪಿಕ್ ಗೇಜ್ ಸೆಟ್ ಇದೆ, ತುಂಬ ಅಗ್ಗ. ಬೋರ್‌ನಲ್ಲಿ ಓರೆಯಾಗಿ ಬಿಟ್ಟು, ತಿರುಪು ಅರೆಬಿಗಿ ಮಾಡಿ, ಒಂದೇ ಸಲ ನೇರಕ್ಕೆ ತೂಗಿ, ಪೂರ್ತಿ ಬಿಗಿದು, ಹೊರತೆಗೆದು ಮೈಕ್ರೋಮೀಟರ್‌ನಲ್ಲಿ ಅಳೆಯಬೇಕು. ಕೈ ಪಳಗಿದವರಿಗೆ 0.01ರವರೆಗೆ ಸಿಗುತ್ತದೆ, ಹೊಸಬರಿಗೆ ಪ್ರತಿ ಸಲ ಬೇರೆ ಬೇರೆ ಓದು ಬಂದು ತಲೆ ಕೆಡುತ್ತದೆ. ಐದು ಸಲ ಅಳೆದು ಮೂರು ಓದು ಹೊಂದಿದರೆ ಮಾತ್ರ ನಂಬಿ.

ಉಳಿದವು ಚಿಲ್ಲರೆ. ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಪಟ್ಟಿಗಳ ಕಟ್ಟು) ಬೇಕೇ ಬೇಕು. ರಿಂಗನ್ನು ಪಿಸ್ಟನ್ ತಲೆಯಿಂದ ಸಮವಾಗಿ ತಳ್ಳಿ, ಬೋರ್‌ನ ಕಡಿಮೆ ಸವೆದ ತಳಭಾಗದಲ್ಲಿ ತುದಿಗಳ ಗ್ಯಾಪ್ ನೋಡಿ. ಅಂದಾಜು ಲೆಕ್ಕದಲ್ಲಿ 70ರ ಬೋರ್‌ಗೆ 0.28 ಮಿ.ಮೀ., ರಿಂಗ್ ಪೊಟ್ಟಣದಲ್ಲಿ ಬೇರೆ ಹೇಳಿದ್ದರೆ ಅದೇ ಸರಿ. 10 ಮಿ.ಮೀ. ಓಟದ ಡಯಲ್ ಗೇಜ್, ಮ್ಯಾಗ್ನೆಟ್ ಸ್ಟ್ಯಾಂಡ್ ಅಗ್ಗದವೇ ಸಾಕು, ಕ್ರ್ಯಾಂಕಿನ ಅಕ್ಕಪಕ್ಕದ ಆಟ, ರನ್‌ಔಟ್ (ತಿರುಗುವಾಗಿನ ಓಲಾಟ) ನೋಡಲು. ಸ್ಟ್ಯಾಂಡಿನ ಕೈ ಬಳುಕಬಾರದು, ಅಷ್ಟೇ. ವಾಲ್ವ್ ಕಾಂಡ, ಪಿಸ್ಟನ್ ಪಿನ್ನುಗಳಿಗೆ 0–25ರ ಮೈಕ್ರೋಮೀಟರನ್ನು ಮುಂದಿನ ತಿಂಗಳು ತಂದರೂ ಆಗುತ್ತದೆ. ಸಿಲಿಂಡರ್ ಹೆಡ್ ಬಾಗಿದೆಯೇ ನೋಡಲು ಸ್ಟೀಲ್ ಸ್ಕೇಲ್ ಇಡಬೇಡಿ, ಅದೇ ನೇರವಿರುವುದಿಲ್ಲ. ಒಂದು ಸ್ಟ್ರೈಟ್ ಎಡ್ಜ್ (ಅಂಚು ನಿಖರವಾಗಿ ನೇರವಿರುವ ಪಟ್ಟಿ) ಬೇಕು. ಮಾರುತಿ 800 ಕೆಲಸಕ್ಕಿಳಿದರೆ ಶೆಲ್ ಬೇರಿಂಗ್‌ಗಳಿಗೆ ಹಸಿರು ಪ್ಲಾಸ್ಟಿಗೇಜ್ (ಸಂದಿನಲ್ಲಿಟ್ಟು ಬಿಗಿದಾಗ ಚಪ್ಪಟೆಯಾಗುವ ಅಗಲದಿಂದ ಸಂದನ್ನು ಅಳೆಯುವ ಎಳೆ) ತನ್ನಿ, ಅದು 0.025ರಿಂದ 0.076ರವರೆಗೆ ಓದುತ್ತದೆ. ಅದು ಒಳಗಿರುವಾಗ ಕ್ರ್ಯಾಂಕ್ ತಿರುಗಿಸಿದರೆ ಎಳೆ ಸವರಿಹೋಗಿ ಓದು ಕೆಡುತ್ತದೆ. ಯೆಜ್ಡಿಯ ಕ್ರ್ಯಾಂಕಿನಲ್ಲಿರುವುದು ರೋಲರ್ ಬೇರಿಂಗ್, ಅಲ್ಲಿ ಇದಕ್ಕೆ ಕೆಲಸವಿಲ್ಲ.

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಟೂಲ್ ಅಂಗಡಿಗಳಿವೆ. ಪೀಣ್ಯ ಕಡೆ ಪರಿಚಯದವರಿದ್ದರೆ ವರ್ಕ್‌ಶಾಪ್ ಮುಚ್ಚುವವರಿಂದ ಹಳೆಯ ಒಳ್ಳೆ ಮೈಕ್ರೋಮೀಟರ್ ಸಿಕ್ಕೀತು. ಹಳೆಯದಾದರೆ ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ. ನಡುವೆ ಎಲ್ಲಾದರೂ ಬಿಗಿಯಾದರೆ, ಮುಖಗಳಲ್ಲಿ ತುಕ್ಕಿನ ಚುಕ್ಕೆ ಕಂಡರೆ ಬಿಡಿ. ಮಿಟುಟೊಯೊ ಹೆಸರಿನಲ್ಲಿ ನಕಲಿ ಮಾಲು ಬಹಳ ಓಡಾಡುತ್ತದೆ. ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ ಅಧಿಕೃತ ಡೀಲರ್ ಬಿಲ್ ಕೇಳಿ.

ಬೋರಿಂಗ್‌ಗೆ ಕೊಡುವಾಗ ಮೊದಲು ಪಿಸ್ಟನ್ ತನ್ನಿ, ಬರೀ ಬ್ಲಾಕ್ ಕಳಿಸಬೇಡಿ. 0.50ರ ಓವರ್‌ಸೈಜ್ ಪಿಸ್ಟನ್ (ಮೂಲ ಬೋರ್‌ಗಿಂತ ಅರ್ಧ ಮಿ.ಮೀ. ದೊಡ್ಡ ಬೋರ್‌ಗೆ ಹೊಂದುವಂಥದ್ದು) ಅಳೆದಾಗ 70.42 ಬಂದು, ಬೇಕಾದ ಕ್ಲಿಯರೆನ್ಸ್ 0.08 ಆಗಿದ್ದರೆ, ಹೋನಿಂಗ್ (ಬೋರ್ ಮಾಡಿದ ಮೇಲಿನ ಕೊನೆಯ ಉಜ್ಜುವಿಕೆ) ಮುಗಿದಾಗ ಬೋರ್ 70.50 ಇರಬೇಕೆಂದು ಚೀಟಿಯಲ್ಲಿ ಬರೆದು ಪಿಸ್ಟನ್ ಸಮೇತ ಕೊಡಿ. ತರಲು ಹೋದಾಗ ನಿಮ್ಮ ಗೇಜನ್ನೂ ಒಯ್ಯಿರಿ. ಆಗತಾನೆ ಹೋನಿಂಗ್ ಆದ ಬ್ಲಾಕು ಬಿಸಿಯಿರುತ್ತದೆ, ತಣಿದ ಮೇಲೆ ಒರೆಸಿ ಆರೂ ಕಡೆ ಅಳೆಯಿರಿ. ಹೊಸ ಬೋರ್‌ನಲ್ಲೇ ಮೇಲಕ್ಕೂ ತಳಕ್ಕೂ 0.02ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ದುಡ್ಡು ಕೊಡುವ ಮೊದಲೇ ಮತ್ತೆ ಹೋನಿಂಗ್‌ಗೆ ಹೇಳಿ.