ಹೊರಗ ಬಿಟ್ಟರ ಅಕ್ಷರ ಯಾವಾಗ ಕಲೀತಾವ?

ಪ್ರಶ್ನೆ: "ಅಕ್ಕಾರ, ನನ್ನ ಮಗಗ ಮೂರೂವರಿ ವರ್ಷರಿ. ಯುಗಾದಿ ಹೊತ್ತಿನಾಗ ಹೊರಗ ಕರಕೊಂಡ ಹೋಗಿ ಏನರ ಕಲಸ್ರಿ ಅಂತೀರಿ. ಏನ ಕಲಸೂದು? ಹಿಂಗ ಮಣ್ಣಾಗ ಆಡಕೋತ ಕುಂತರ ಅಂವ ಅಕ್ಷರ ಯಾವಾಗ ಕಲಿಯಾಂವ?"

ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಿರುವ ನನಗೆ ಶಿವರಾತ್ರಿ ದಾಟಿತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಬಾಗಿಲಲ್ಲಿ ನಿಂತು ಎಷ್ಟೋ ತಾಯಂದಿರಿಗೆ ಉತ್ತರ ಹೇಳಿದ್ದೇನೆ. ಈ ಸಲ ಬರೆದೇ ಇಡುತ್ತೇನೆ.

ಏನು ಕಲಿಸುವುದು ಎಂಬುದು ಸುಲಭ. ನಮ್ಮ ಕಡೆ ವಸಂತವೆಂದರೆ ಬಿಸಿಲೂ ಹೌದು, ಆದ್ದರಿಂದ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಹೊರಡಿ. ಬೇವಿನ ಬುಡದಲ್ಲಿ ಸಂಜೆಯೇ ಹಳೆಯ ಧೋತರವೊಂದನ್ನು ಹಾಸಿಟ್ಟರೆ ರಾತ್ರಿ ಉದುರಿದ ಹೂವೆಲ್ಲ ಅದರ ಮೇಲಿರುತ್ತದೆ. ಕಿರುಬೆರಳ ಉಗುರಿನಷ್ಟು ಚಿಕ್ಕದಾದ ಆ ಬಿಳಿ ಹೂವನ್ನು ಮಗು ಎರಡೇ ಬೆರಳಿನಿಂದ ಎತ್ತಿ, ಮೂಸಿ, ಅಂಗೈಯಲ್ಲಿಟ್ಟುಕೊಂಡು ಎಸಳು ಎಣಿಸಲಿ: ಐದು. ಮುತ್ತುಗದ ಎಲೆ ಸಿಕ್ಕರೆ ಅದರಲ್ಲಿ ಮೂರು ದಳ. ಎರೆಹೊಲ ಬಿರುಕು ಬಿಟ್ಟಿದ್ದರೆ ಕಣಿಕೆಯನ್ನು, ಎಂದರೆ ಜೋಳದ ಒಣ ದಂಟನ್ನು, ಇಳಿಬಿಟ್ಟು ಬಿರುಕು ಎಷ್ಟು ಗೇಣು ಆಳವಿದೆ ಎಂದು ನೋಡಬಹುದು. ಕೈ ಮಾತ್ರ ಹಾಕಗೊಡಬೇಡಿ, ಒಳಗೆ ಚೇಳಿರುತ್ತವೆ. ಎಕ್ಕೆಯ ಹಾಲು ಕಣ್ಣಿಗೆ ಅಪಾಯ, ದತ್ತೂರಿಯ ಕಾಯಿ ವಿಷ. ಇವೆರಡನ್ನು ಮೊದಲ ದಿನವೇ ದೂರದಿಂದ ತೋರಿಸಿಬಿಡಿ.

ಇನ್ನು ಪ್ರಶ್ನೆಯ ಎರಡನೆಯ ಭಾಗ. ಮೂರು ವರ್ಷಕ್ಕೆ ಪೆನ್ಸಿಲ್ ಹಿಡಿಸದಿದ್ದರೆ ಮಗು ಹಿಂದೆ ಬೀಳುತ್ತದೆ ಎಂಬ ನಂಬಿಕೆ ಊರೂರಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅದನ್ನು ಕೀಳಲು ಪ್ರತಿ ವರ್ಷವೂ ಅಷ್ಟೇ ಮಾತು ಖರ್ಚಾಗುತ್ತದೆ. ದಯವಿಟ್ಟು ನಿಮ್ಮ ಮಗುವಿನ ಕೈಯನ್ನು ಒಮ್ಮೆ ಹಿಡಿದು ನೋಡಿ. ಮಣಿಕಟ್ಟಿನಲ್ಲಿ 8 ಚಿಕ್ಕ ಎಲುಬುಗಳಿರುತ್ತವೆ. ಹುಟ್ಟುವಾಗ ಅವು ಸಾಮಾನ್ಯವಾಗಿ ಮೃದ್ವಸ್ಥಿಯ, ಎಂದರೆ ಇನ್ನೂ ಗಟ್ಟಿಯಾಗದ ಮೆತ್ತನೆಯ ಎಲುಬಿನ, ರೂಪದಲ್ಲಷ್ಟೇ ಇರುತ್ತವೆ. ಮೊದಲ ವರ್ಷದಲ್ಲಿ ಎರಡು ಗಟ್ಟಿಯಾಗತೊಡಗುತ್ತವೆ, ಮೂರನೆಯದು ಸುಮಾರು 3ನೆಯ ವರ್ಷದ ಹೊತ್ತಿಗೆ, ಉಳಿದವು ಒಂದೊಂದಾಗಿ 6–7 ವರ್ಷದವರೆಗೆ, ಕೊನೆಯದಂತೂ 8 ದಾಟಿದ ಮೇಲೆ. ಎಲುಬಿಗಿಂತ ಹೆಚ್ಚಾಗಿ, ಪೆನ್ಸಿಲನ್ನು ಹಿಡಿದು ಹೊರಳಿಸುವ ಅಂಗೈಯ ಸಣ್ಣ ಸ್ನಾಯುಗಳಿಗೆ ಈ ವಯಸ್ಸಿನಲ್ಲಿ ಇನ್ನೂ ಬಲ ಕೂಡಿರುವುದಿಲ್ಲ. ಅಂಥ ಕೈಯಿಂದ ಪುಟ ತುಂಬ 'ಅ' ತಿದ್ದಿಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಎರಡನೆಯ ಸಾಲಿಗೇ ಕೈ ಸೋಲುತ್ತದೆ, ಆ ಹಿಡಿತವೇ ರೂಢಿಯಾಗಿಬಿಡುತ್ತದೆ. ಒಂದನೆಯ ತರಗತಿಯಲ್ಲಿ ಅದನ್ನು ಬಿಡಿಸಲು ಶಿಕ್ಷಕರು ಪಡುವ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೇವಿನ ಹೂ ಎತ್ತುವ ಎರಡು ಬೆರಳಿಗೆ ಮುಂದೆ ಪೆನ್ಸಿಲ್ ಒದಗುತ್ತದೆ. ಎರೆಮಣ್ಣು ನಾದಿ ಉಂಡೆ ಕಟ್ಟುವ ಅಂಗೈ ಬರವಣಿಗೆಗೆ ಬೇಕಾದ ಬಲವನ್ನು ಅಲ್ಲಿಯೇ ಪಡೆಯುತ್ತದೆ. ನಮ್ಮ ಕನ್ನಡದ ಅಕ್ಷರಗಳು ಬಹುಪಾಲು ದುಂಡಗಿನವು; ಆ ದುಂಡನ್ನು ಮಗು ಮೊದಲು ಅಂಗಳದ ಮಣ್ಣಿನಲ್ಲಿ ಕೋಲು ಹಿಡಿದು, ಇಡೀ ತೋಳನ್ನು ತಿರುಗಿಸಿ ಬಿಡಿಸಲಿ, ಆಮೇಲೆ ಅದು ಕಾಗದದ ಮೇಲೆ ಚಿಕ್ಕದಾಗಿ ಇಳಿಯುತ್ತದೆ. ಅಕ್ಷರಾಭ್ಯಾಸದ ದಿನ ಹಿರಿಯರು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ತಿದ್ದಿಸುತ್ತಾರಲ್ಲವೇ? ಅಲ್ಲಿಯೂ ಪೆನ್ಸಿಲ್ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಆಟದ ಮೂಲಕವೇ ಕಲಿಸಬೇಕೆಂದು ಹೇಳಿದೆ. ಆದ್ದರಿಂದ ಮಣ್ಣಾದ ಅಂಗಿಯನ್ನು ನೋಡಿ ಕಲಿಕೆ ನಿಂತಿತೆಂದು ತಿಳಿಯಬೇಡಿ.

ಇಷ್ಟು ಬರೆದ ಮೇಲೆ ಯಾರೂ ಕೇಳದ ಇನ್ನೊಂದು ಮಾತು ನೆನಪಾಗುತ್ತದೆ. ಹೊರಗೆ ಹೋದಾಗ ಮಗು "ಹುಣಸಿ ಗಿಡ" ಎನ್ನುತ್ತದೆ, ಜೊತೆಗಿದ್ದ ಅಪ್ಪ ತಕ್ಷಣ "ಗಿಡ ಅಲ್ಲ, ಮರ ಅನ್ನು" ಎಂದು ತಿದ್ದುತ್ತಾನೆ. ಏಕೆ ತಿದ್ದಬೇಕು? ನಮ್ಮ ಸೀಮೆಯಲ್ಲಿ ಆಳೆತ್ತರದ್ದೂ ಗಿಡವೇ, ಮುಗಿಲೆತ್ತರದ್ದೂ ಗಿಡವೇ. ಅಜ್ಜಿ ಹಾಗೆಯೇ ಕರೆದಿದ್ದಾಳೆ, ಮಗು ಅಜ್ಜಿಯಿಂದಲೇ ಕಲಿತಿದೆ. ಹೆಸರು ಹೇಳಿದ ಕೂಡಲೇ ತಪ್ಪೆನಿಸಿಕೊಂಡ ಮಗು ಮರುದಿನ ಹೆಸರನ್ನೇ ಹೇಳುವುದಿಲ್ಲ, ಬರೀ ಬೆರಳು ತೋರಿಸುತ್ತದೆ. ಇದನ್ನು ನಾನು ಒಂದಲ್ಲ, ಹತ್ತಾರು ಮಕ್ಕಳಲ್ಲಿ ನೋಡಿದ್ದೇನೆ. ಹುಣಸೆಯನ್ನು ಬೇವಿನಿಂದ ಬೇರೆಯಾಗಿ ಗುರುತಿಸಿತೇ, ಎಲೆ ಜಗಿದು ಹುಳಿ ಎಂದಿತೇ, ಅದನ್ನು ಗಮನಿಸಿ. 'ಮರ' ಎಂಬ ಪದವನ್ನು ಒಂದನೆಯ ತರಗತಿಯ ಪುಸ್ತಕ ತಾನಾಗಿ ತರುತ್ತದೆ. ಆಗ, "ಪುಸ್ತಕದಾಗ ಇದಕ್ಕ ಮರ ಅಂತಾರ ನೋಡು" ಎಂದು ಹೇಳಿದರೆ ಸಾಕು.