ಪೋರ್ಟ್‌ಫೋಲಿಯೊದಲ್ಲಿ ಬರೆದದ್ದೆಲ್ಲ ಹಾಕಬೇಕಾ?

ಪ್ರಶ್ನೆ: ನಾನು ಬಿಎ ಪತ್ರಿಕೋದ್ಯಮದ ವಿದ್ಯಾರ್ಥಿನಿ. ಕ್ಲಾಸಿಗೆ ಬರೆದ ವರದಿಗಳು, ಒಂದು ಪಾಡ್‌ಕಾಸ್ಟ್, ಗೆಳೆಯರ ಜೊತೆ ಮಾಡಿದ ಕಿರುಚಿತ್ರ ಇವೆ. ಡಿಜಿಟಲ್ ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸ ತೋರಿಸುವ ವೆಬ್ ಪುಟ, ಮಾಡಿಕೋ ಅಂತ ಎಲ್ಲರೂ ಹೇಳ್ತಾರೆ. ಎಲ್ಲವನ್ನೂ ಹಾಕಬೇಕಾ? ಎಲ್ಲಿ ಹಾಕಬೇಕು?

ಉತ್ತರ: ಎಲ್ಲ ಬೇಡ, ಐದಾರು ಸಾಕು. ಸೆಮಿಸ್ಟರ್ ಪ್ರಕಾರ ಜೋಡಿಸಲೂ ಬೇಡಿ. ಮೊದಲು ಕಂಡದ್ದೇ ಸಪ್ಪೆಯಾಗಿದ್ದರೆ ಎರಡನೆಯದನ್ನು ಯಾರು ತೆರೀತಾರೆ? ಚೆನ್ನಾಗಿ ಬಂದದ್ದೇ ಮೇಲಿರಲಿ.

ಪ್ರತಿಯೊಂದರ ಕೆಳಗೆ ಮೂರ್ನಾಲ್ಕು ಸಾಲು ಬರೆಯಿರಿ. ಕಿರುಚಿತ್ರ ಗುಂಪಿನ ಕೆಲಸ ಅಲ್ವಾ? ಸ್ಕ್ರಿಪ್ಟ್ ನಿಮ್ಮದಾ, ಕ್ಯಾಮೆರಾನಾ, ಎಡಿಟಿಂಗಾ? ಅದು ತಿಳಿಯದಿದ್ದರೆ ನೋಡಿದವರಿಗೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಮೇಷ್ಟ್ರು ತಿದ್ದಿಸಿದ ವರದಿ ಇದ್ದರೆ ಮೊದಲ ಕರಡನ್ನೂ ಪಕ್ಕದಲ್ಲಿಡಿ, ಏನನ್ನು ಯಾಕೆ ಬದಲಾಯಿಸಿದಿರಿ ಎಂದು ಹೇಳಿ. ಚೆಂದದ ಡಿಸೈನ್‌ಗಿಂತ ನಾನು ಇದಕ್ಕೇ ಜಾಸ್ತಿ ಅಂಕ ಕೊಡುತ್ತೇನೆ.

ಜಾಗಕ್ಕೆ ಗೂಗಲ್ ಸೈಟ್ಸ್ ಸಾಕು, ಅದು ವೆಬ್ ಪುಟ ಮಾಡಿಕೊಳ್ಳುವ ಗೂಗಲ್‌ನ ಸೇವೆ. ದುಡ್ಡು ಕೊಡಬೇಕಿಲ್ಲ, ಕೋಡಿಂಗೂ ಬೇಡ. ಆದರೆ ಕಾಲೇಜು ಕೊಟ್ಟ ಇಮೇಲ್‌ನಲ್ಲಿ ಮಾಡಬೇಡಿ. ಓದು ಮುಗಿದ ಮೇಲೆ ಕಾಲೇಜು ಆ ಖಾತೆ ಮುಚ್ಚಿದರೆ ಪುಟವೂ ಹೋಯಿತು. ಸ್ವಂತ ಜಿಮೇಲ್‌ನಲ್ಲೇ ಮಾಡಿ. ಅಲ್ಲಿ ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಮೇಲ್, ಫೋಟೊ, ಡ್ರೈವ್ ಎಲ್ಲ ಸೇರಿ. ಹಾಗಾಗಿ ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕಿ ಪುಟಕ್ಕೆ ಸೇರಿಸಿ. ಊರಿಗೆಲ್ಲ ಕಾಣುವುದು ಬೇಡವೆಂದರೆ 'ಅನ್‌ಲಿಸ್ಟೆಡ್' ಆಯ್ಕೆ ಮಾಡಿ. ಆಗ ಲಿಂಕ್ ಇದ್ದವರು ಮಾತ್ರ ನೋಡಬಹುದು. 2 ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು, ಅದೂ ನೆನಪಿರಲಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತಲೆನೋವಿದೆ. 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಸುಮ್ನೆ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಮೊದಲು ಕನ್ವರ್ಟರ್‌ನಿಂದ ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನ್, ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ತನ್ನಿ. ಆಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ, ಎಡವಟ್ಟಾಗುವುದು ಅಲ್ಲೇ. ಪಿಡಿಎಫ್ ಮಾಡಿ ತಪ್ಪಿಸಿಕೊಳ್ಳಬಹುದು ಅನ್ನಬೇಡಿ. ಹಳೆಯ ಫಾಂಟ್‌ನ ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ.

ಮನೆ ವಿಳಾಸ, ಫೋನ್ ನಂಬರ್ ಹಾಕಬೇಡಿ, ಇಮೇಲ್ ಸಾಕು. ಕೊನೆಗೆ ಲಿಂಕನ್ನು ಗೆಳತಿಯ ಫೋನಿನಲ್ಲಿ ತೆರೆದು ನೋಡಿ. ಡ್ರೈವ್‌ನಲ್ಲಿಟ್ಟ ಫೈಲ್‌ಗೆ ಅನುಮತಿ ಕೊಟ್ಟಿರದಿದ್ದರೆ ನಿಮಗೆ ಮಾತ್ರ ತೆರೆಯುತ್ತದೆ, ಬೇರೆಯವರಿಗೆ 'ರಿಕ್ವೆಸ್ಟ್ ಆಕ್ಸೆಸ್' ಅಂತ ಬರುತ್ತದೆ.