ಪವರ್ ಬದಲಿಸಿದರೆ ಫ್ರೀಕ್ವೆನ್ಸಿ ಯಾಕೆ ಜಾರುತ್ತದೆ?

ವೈರ್‌ಲೆಸ್ ಸೆಟ್ ರಿಪೇರಿಗೆ ಬಂದರೆ ನಾನು ಮೊದಲು ನೋಡುವುದು ಇದು: ಹೈ ಪವರ್‌ನಿಂದ ಲೋ ಪವರ್‌ಗೆ ಹಾಕಿದಾಗ ಫ್ರೀಕ್ವೆನ್ಸಿ ಅಲುಗುತ್ತದೆಯೇ? ಆಂಟೆನಾ ತೆಗೆದು ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರಿಕೊಳ್ಳುವ ರೆಸಿಸ್ಟರ್) ಹಾಕಿದಾಗ ಅಲುಗುತ್ತದೆಯೇ? ಯಾವಾಗಲೂ ಒಂದೇ ಅಳತೆಯಷ್ಟು ತಪ್ಪಿದ್ದರೆ ಕ್ರಿಸ್ಟಲ್‌ಗೆ, ಅಂದರೆ ಫ್ರೀಕ್ವೆನ್ಸಿ ಹಿಡಿದು ನಿಲ್ಲಿಸುವ ಹರಳಿಗೆ, ವಯಸ್ಸಾಗಿರಬಹುದು. ಟ್ರಿಮ್ಮರ್ (ಫ್ರೀಕ್ವೆನ್ಸಿ ತುಸು ಹೊಂದಿಸುವ ಕೆಪಾಸಿಟರ್) ತಿರುಗಿಸಿದರೆ ಸರಿಹೋಗುತ್ತದೆ. ಆದರೆ ಪವರ್ ಜೊತೆಗೆ ಫ್ರೀಕ್ವೆನ್ಸಿಯೂ ಓಡಾಡಿದರೆ ಕ್ರಿಸ್ಟಲ್ ಬದಲಿಸಿ ಪ್ರಯೋಜನವಿಲ್ಲ. ಫ್ರೀಕ್ವೆನ್ಸಿ ಹುಟ್ಟಿಸುವ ಆಸಿಲೇಟರಿನ ಆಚೆ ಕೂತು, ಅದನ್ನು ಮುಂದಿನ ಹಂತಗಳಿಂದ ಬೇರೆಯಾಗಿಡುವ ಬಫರ್ ನೋಡಬೇಕು.

ಆಸಿಲೇಟರ್ ಅಂದರೆ ತನ್ನ ಔಟ್‌ಪುಟ್ಟನ್ನೇ ಸ್ವಲ್ಪ ತಿರುಗಿ ಒಳಗೆ ತೆಗೆದುಕೊಳ್ಳುವ ಆಂಪ್ಲಿಫೈಯರ್. ಸಪ್ಲೈ ಕೊಟ್ಟ ಕ್ಷಣ ಟ್ರಾನ್ಸಿಸ್ಟರಿನಲ್ಲಿ ಸಣ್ಣ ಗದ್ದಲ ಇದ್ದೇ ಇರುತ್ತದೆ. ಅದರಲ್ಲಿ ಎಲ್ಲ ಫ್ರೀಕ್ವೆನ್ಸಿಗಳೂ ಇರುತ್ತವೆ. ಕ್ರಿಸ್ಟಲ್ ಒಂದನ್ನು ಮಾತ್ರ ಆರಿಸಿ ಸರಿಯಾದ ಹೊತ್ತಿಗೆ ವಾಪಸ್ ಕಳಿಸುತ್ತದೆ. ಸುತ್ತು ಬಂದಷ್ಟೂ ಅದು ದೊಡ್ಡದಾಗುತ್ತದೆ. ಕೊನೆಗೆ ಟ್ರಾನ್ಸಿಸ್ಟರ್ ಇನ್ನು ಜಾಸ್ತಿ ಕೊಡಲಾರದ ಮಟ್ಟ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಎರಡು ಕೆಪಾಸಿಟರ್‌ಗಳ ನಡುವಿನಿಂದ ಈ ವಾಪಸಾತಿ ಮಾಡುವ ವಿಧಾನವನ್ನು ಎಡ್ವಿನ್ ಕೋಲ್ಪಿಟ್ಸ್ 1918ರಲ್ಲಿ ರೂಪಿಸಿದರು. ಕ್ರಿಸ್ಟಲ್ ಆಸಿಲೇಟರ್‌ಗಳಲ್ಲಿ ಅದರದೇ ರೂಪಗಳು ಇವತ್ತಿಗೂ ಸಿಗುತ್ತವೆ.

ಇಲ್ಲೇ ಒಂದು ಸೂಕ್ಷ್ಮವಿದೆ. ಆಸಿಲೇಟರಿಗೆ ತಾಗಿದ ಪ್ರತಿಯೊಂದು ಪಿಕೋಫ್ಯಾರಡ್ (ಕೆಪಾಸಿಟೆನ್ಸಿನ ಬಹಳ ಸಣ್ಣ ಅಳತೆ) ಕೂಡ ಫ್ರೀಕ್ವೆನ್ಸಿ ನಿರ್ಧರಿಸುವ ಭಾಗವೇ. ಮುಂದಿನ ಹಂತವನ್ನು ನೇರವಾಗಿ ಜೋಡಿಸಿದರೆ ಅದೂ ಆಸಿಲೇಟರಿನ ಭಾಗವಾಗಿಬಿಡುತ್ತದೆ. ಕಂಪಿಸುತ್ತಿರುವ ತಂಬೂರಿ ತಂತಿಗೆ ಬೆರಳು ತಾಗಿಸಿ ಶ್ರುತಿ ಉಳಿಯಲಿ ಅಂದ ಹಾಗೆ.

ಹಳೆಯ ವಿಎಚ್‌ಎಫ್ (30ರಿಂದ 300 ಮೆಗಾಹರ್ಟ್ಸ್) ಎಫ್‌ಎಂ ಸೆಟ್‌ಗಳ ಲೆಕ್ಕ ನೋಡಿ. 12.5 ಮೆಗಾಹರ್ಟ್ಸ್ ಕ್ರಿಸ್ಟಲ್. ಮಲ್ಟಿಪ್ಲೈಯರ್ ಹಂತಗಳು ಅದನ್ನು 12 ಪಟ್ಟು ಏರಿಸಿ 150 ಮೆಗಾಹರ್ಟ್ಸ್ ಮಾಡುತ್ತವೆ. ತಪ್ಪೂ 12 ಪಟ್ಟಾಗುತ್ತದೆ. ಕ್ರಿಸ್ಟಲ್ ಬರೀ 100 ಹರ್ಟ್ಸ್ ಜಾರಿದರೆ ಆಂಟೆನಾದಲ್ಲಿ 1200 ಹರ್ಟ್ಸ್. ಚಾನೆಲ್‌ಗಳ ಅಂತರವೇ 12.5 ಕಿಲೋಹರ್ಟ್ಸ್ ಇರುವಾಗ ಇದು ಸಣ್ಣದಲ್ಲ, ಅಲ್ವಾ? ಆ ಕಡೆ ಕೇಳುವವರಿಗೆ ಮಾತು ಒಡೆದ ಹಾಗೆ ಬರುತ್ತದೆ.

ಬಫರ್ ಬೇಕಾಗುವುದು ಇದಕ್ಕೇ. ಸಾಮಾನ್ಯವಾಗಿ ಅದು ಒಂದು ಎಮಿಟರ್ ಫಾಲೋವರ್, ಅಂದರೆ ಔಟ್‌ಪುಟ್ಟನ್ನು ಎಮಿಟರಿನಿಂದ ತೆಗೆದುಕೊಳ್ಳುವ ಟ್ರಾನ್ಸಿಸ್ಟರ್ ಹಂತ. ವೋಲ್ಟೇಜ್ ಗೇನ್ ಒಂದಕ್ಕಿಂತ ಚೂರು ಕಡಿಮೆ. ಹೀಗಾಗಿ ಇದೇನೂ ಮಾಡುವುದಿಲ್ಲ ಅನ್ನಿಸುತ್ತದೆ. ಆದರೆ ಆಸಿಲೇಟರಿನಿಂದ ಅದು ಎಳೆಯುವ ಕರೆಂಟ್ ಬಹಳ ಕಡಿಮೆ. ಮುಂದಿನ ಹಂತಕ್ಕೆ ಕೊಡಬಲ್ಲ ಕರೆಂಟ್ ಸಾಕಷ್ಟು. ನನ್ನ ಅಭಿಪ್ರಾಯದಲ್ಲಿ ವಿಎಚ್‌ಎಫ್‌ನಲ್ಲಿ ಒಂದೇ ಫಾಲೋವರ್ ಸಾಲದು. ಟ್ರಾನ್ಸಿಸ್ಟರಿನ ಒಳಗಿನ ಕೆಪಾಸಿಟೆನ್ಸ್ ಮೂಲಕ ಲೋಡಿನ ಬದಲಾವಣೆ ಹಿಂದಕ್ಕೂ ತಲುಪುತ್ತದೆ. ಎರಡು ಹಂತ ಇರಲಿ, ಅಥವಾ ಒಂದರ ಮೇಲೊಂದು ಟ್ರಾನ್ಸಿಸ್ಟರ್ ಜೋಡಿಸಿದ ಕ್ಯಾಸ್ಕೋಡ್ ಇರಲಿ. ಹಿಂದಕ್ಕೆ ಹರಿಯುವುದನ್ನು ಅದು ಎಷ್ಟೋ ಚೆನ್ನಾಗಿ ತಡೆಯುತ್ತದೆ.

ಒಂದು ವಾಹನದ ಸೆಟ್ ನೆನಪಾಗುತ್ತದೆ. ಮಲ್ಟಿಪ್ಲೈಯರ್ ಕಾಯಿಲ್ ತಿರುಗಿಸಿದರೆ ಫ್ರೀಕ್ವೆನ್ಸಿ ಅಳೆಯುವ ಕೌಂಟರಿನ ಅಂಕಿಯೂ ತಿರುಗುತ್ತಿತ್ತು. ಹಿಂದೆ ಯಾರೋ ಔಟ್‌ಪುಟ್ ಕಡಿಮೆಯಿದೆ ಎಂದು ಆಸಿಲೇಟರಿನಿಂದ ಬಫರಿಗೆ ಹೋಗುವ 5 ಪಿಕೋಫ್ಯಾರಡ್ ಕೆಪಾಸಿಟರ್ ತೆಗೆದು 47 ಹಾಕಿದ್ದರು. ಸಿಗ್ನಲ್ ಜಾಸ್ತಿಯಾಗಿತ್ತು ನಿಜ. ಆಸಿಲೇಟರಿನ ಸ್ವಾತಂತ್ರ್ಯ ಹೋಗಿತ್ತು. ಮೊದಲಿನ ಬೆಲೆಯ ಕೆಪಾಸಿಟರ್ ಹಾಕಿ, ಕಡಿಮೆಯಾದ ಸಿಗ್ನಲ್ಲನ್ನು ಬಫರಿನ ನಂತರದ ಹಂತದಲ್ಲಿ ಏರಿಸಿಕೊಂಡಾಗ ಅಂಕಿ ನಿಂತಿತು.

ಸಪ್ಲೈ ಕೂಡ ಒಂದು ಹಿಂಬಾಗಿಲು. ಟ್ರಾನ್ಸ್‌ಮಿಟ್ ಮಾಡಿದಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ. ಆಸಿಲೇಟರಿಗೂ ಬಫರಿಗೂ ಪ್ರತ್ಯೇಕ ರೆಗ್ಯುಲೇಟರ್ ಇರಲೇಬೇಕು. ಸಪ್ಲೈ ಸಾಲಿನಲ್ಲಿ ಒಂದು 100 ಓಂ ರೆಸಿಸ್ಟರ್, ಗ್ರೌಂಡಿಗೆ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್. ಈ ಎರಡು ಅಗ್ಗದ ಬಿಡಿಭಾಗಗಳನ್ನು ದಯವಿಟ್ಟು ಬಿಡಬೇಡಿ.

ಇವತ್ತಿನ ಸೆಟ್‌ಗಳಲ್ಲಿ ಪಿಎಲ್‌ಎಲ್ ಇದೆ, ಅಂದರೆ ಆಸಿಲೇಟರನ್ನು ಕ್ರಿಸ್ಟಲಿಗೆ ಹೋಲಿಸಿ ತಿದ್ದುತ್ತಲೇ ಇರುವ ಲೂಪ್. 12.8 ಮೆಗಾಹರ್ಟ್ಸ್ ಕ್ರಿಸ್ಟಲನ್ನು 1024ರಿಂದ ಭಾಗಿಸಿದರೆ 12.5 ಕಿಲೋಹರ್ಟ್ಸ್. 150 ಮೆಗಾಹರ್ಟ್ಸಿನ ವಿಸಿಒವನ್ನು (ವೋಲ್ಟೇಜ್ ಬದಲಿಸಿ ಫ್ರೀಕ್ವೆನ್ಸಿ ಬದಲಿಸುವ ಆಸಿಲೇಟರ್) 12000ದಿಂದ ಭಾಗಿಸಿದರೂ ಅಷ್ಟೇ. ಪಿಎಲ್‌ಎಲ್ ಎರಡನ್ನೂ ಹೋಲಿಸಿ ವಿಸಿಒವನ್ನು ಸಾಲಿಗೆ ತರುತ್ತದೆ. ಹಾಗಾದರೆ ಬಫರ್ ಯಾಕೆ? ಲೂಪ್ ತಿದ್ದುವುದಕ್ಕೂ ಸಮಯ ಬೇಕು. ಪವರ್ ಹಂತ ಆನ್ ಆದಾಗ ವಿಸಿಒ ಒಮ್ಮೆಲೇ ಜಿಗಿದರೆ, ಲೂಪ್ ಹಿಡಿಯುವ ತನಕ ಸಿಗ್ನಲ್ ಬೇರೆ ಕಡೆ ಇರುತ್ತದೆ. ಮೊದಲ ಅಕ್ಷರ ನುಂಗಿಹೋಗುವುದಕ್ಕೆ ಇದೂ ಒಂದು ಕಾರಣ.

ಕೈಯಾರೆ ಸೆಟ್ ಕಟ್ಟುವ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರಿಗೆ ಇದು ಇನ್ನೂ ಮುಖ್ಯ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟೆಕ್ಸ್-20 ಸೆಟ್ಟಿನಲ್ಲಿ 10 ಮೆಗಾಹರ್ಟ್ಸ್ ಕ್ರಿಸ್ಟಲ್ ಫಿಲ್ಟರ್ ಜೊತೆಗೆ ಸುಮಾರು 4 ಮೆಗಾಹರ್ಟ್ಸಿನ ವಿಎಫ್‌ಒ (ಫ್ರೀಕ್ವೆನ್ಸಿ ಬದಲಿಸಬಲ್ಲ ಆಸಿಲೇಟರ್) ಇದೆ. ಅದು ಕಾಯಿಲ್ ಮತ್ತು ಕೆಪಾಸಿಟರಿನ ಆಸಿಲೇಟರ್. ಹಿಡಿದು ನಿಲ್ಲಿಸಲು ಕ್ರಿಸ್ಟಲ್ ಇಲ್ಲ. ಲೋಡ್ ಬದಲಾದರೆ ಕ್ರಿಸ್ಟಲ್ ಆಸಿಲೇಟರಿಗಿಂತ ಎಷ್ಟೋ ಪಟ್ಟು ಹೆಚ್ಚು ಜಾರುತ್ತದೆ.

ಪರೀಕ್ಷಿಸುವಾಗಲೂ ಎಚ್ಚರ ಬೇಕು. ಕೌಂಟರಿನ ಪ್ರೋಬನ್ನು ಆಸಿಲೇಟರಿಗೇ ಚುಚ್ಚಬೇಡಿ. ಸಿಗ್ನಲ್ಲನ್ನು ಹತ್ತನೇ ಒಂದಕ್ಕೆ ಇಳಿಸುವ ಹತ್ತು ಪಟ್ಟಿನ (10X) ಪ್ರೋಬ್ ಕೂಡ ಸುಮಾರು ಹತ್ತು-ಹದಿನೈದು ಪಿಕೋಫ್ಯಾರಡ್ ಸೇರಿಸುತ್ತದೆ. ನೀವು ಓದುವುದು ಪ್ರೋಬ್ ತಾಗಿದ ಆಸಿಲೇಟರಿನ ಫ್ರೀಕ್ವೆನ್ಸಿ. ಬಫರಿನ ನಂತರ ಅಳೆಯಿರಿ. ಅಥವಾ ಎರಡು ಸುತ್ತಿನ ತಂತಿಯನ್ನು ಹತ್ತಿರ ಹಿಡಿಯಿರಿ. ತಗಡಿನ ಶೀಲ್ಡ್ ಮುಚ್ಚಿ ಬೆಸುಗೆ ಹಾಕಿ, ಸೆಟ್ ಬಿಸಿಯಾಗಲು ಬಿಟ್ಟು, ಆಮೇಲೆ ಟ್ರಿಮ್ಮರಿಗೆ ಕೈ ಹಾಕಿ.